ಇರುವೆಯ ಚಿತ್ರಕ್ಕೆ ಎಷ್ಟು ದೊಡ್ಡ ಕ್ಯಾಮರಾ?

ಮಾವಿನ ಮರದ ಎಲೆಗಳನ್ನು ಒಂದಕ್ಕೊಂದು ಹೆಣೆದು ಚೆಂಡಿನಂತಹ ಗೂಡು ಕಟ್ಟುವ ಕೆಂಪಿರುವೆಯನ್ನು ನೀವು ನೋಡಿಯೇ ಇರುತ್ತೀರಿ. ಮಲೆನಾಡಿನವರು ಅದನ್ನು ಚಗಳಿ ಎನ್ನುತ್ತಾರೆ. ಅದರ ಚಟ್ನಿಯ ರುಚಿಯನ್ನೂ ಬಲ್ಲರು. ಉಳಿದವರು ಅದರ ಕಡಿತವನ್ನು ಮಾತ್ರ ಬಲ್ಲರು. ಆದರೆ ಅದೇ ಕೊಂಬೆಯ ಮೇಲೆ, ಅದೇ ಸಾಲಿನ ಅಂಚಿನಲ್ಲಿ, ಅದೇ ಬಣ್ಣದ, ಅದೇ ನಡಿಗೆಯ ಇನ್ನೊಂದು ಪ್ರಾಣಿ ಓಡಾಡುತ್ತಿರುವ ಸಂಭವವುಂಟು. ಅದು ಇರುವೆಯಲ್ಲ, ಜೇಡ. ಮಿರ್ಮಾಪ್ಲಾಟ ಎಂಬ ಕುಲಕ್ಕೆ ಸೇರಿದ ಈ ಜಿಗಿಯುವ ಜೇಡ ಚಗಳಿಯ ವೇಷವನ್ನು ಎಷ್ಟು ಚೆನ್ನಾಗಿ ಹಾಕಿದೆಯೆಂದರೆ, ತನ್ನ ಎಂಟು ಕಾಲುಗಳಲ್ಲಿ ಮುಂದಿನ ಎರಡನ್ನು ಮೇಲೆತ್ತಿ ಇರುವೆಯ ಮೀಸೆಗಳಂತೆ ಆಡಿಸುತ್ತ ಉಳಿದ ಆರರಲ್ಲಿ ನಡೆಯುತ್ತದೆ. ತಲೆಯ ಇಕ್ಕೆಲಗಳಲ್ಲಿ ಇರುವೆಯ ಕಣ್ಣೆಂದು ಭ್ರಮೆ ಹುಟ್ಟಿಸುವ ಕಪ್ಪು ಮಚ್ಚೆಗಳೂ ಇವೆ. ಮೈಯುದ್ದ ಎಂಟು ಹತ್ತು ಮಿಲಿಮೀಟರುಗಳಷ್ಟೆ.

ಇಂತಹ ಪ್ರಾಣಿಯ ಚಿತ್ರ ತೆಗೆದು, ಇದು ಜೇಡವೇ ಸರಿ ಎಂದು ನೋಡಿದವರಿಗೆ ತೋರಿಸಿಕೊಡಬೇಕಾದರೆ ಕಾಲುಗಳ ಬುಡ, ಮೇಲೆತ್ತಿದ ಕಾಲಿನ ಗೆಣ್ಣು, ನಿಜವಾದ ಕಣ್ಣುಗಳು ಇವೆಲ್ಲ ಸ್ಪಷ್ಟವಾಗಿ ಕಾಣಬೇಕು. ಚಿತ್ರ ಚೆಂದವಾಗಿದ್ದರೆ ಸಾಲದು, ಅದು ಸಾಕ್ಷಿಯಾಗಬೇಕು. ಹೀಗೆ ಬಹಳ ಸಣ್ಣ ವಸ್ತುಗಳನ್ನು ಬಹಳ ಹತ್ತಿರದಿಂದ ದೊಡ್ಡದಾಗಿ ಚಿತ್ರಿಸುವ ವಿದ್ಯೆಗೆ ಮ್ಯಾಕ್ರೋ ಛಾಯಾಗ್ರಹಣವೆಂದು ಹೆಸರು. ಈ ವಿದ್ಯೆಯ ಹುಚ್ಚು ಹತ್ತಿದವರ ಮನೆಯಲ್ಲಿ ಒಂದು ವಾದ ಇಂದಲ್ಲ ನಾಳೆ ಹುಟ್ಟಿಯೇ ಹುಟ್ಟುತ್ತದೆ: ಈಗಿರುವ ಸಣ್ಣ ಫಲಕದ ಕ್ಯಾಮರಾ ಸಾಕೆ, ಅಥವಾ ಫುಲ್ ಫ್ರೇಮ್ ಎನ್ನುವ ದೊಡ್ಡ ಫಲಕದ ಕ್ಯಾಮರಾ ಕೊಳ್ಳಬೇಕೆ? ಎರಡರ ಬೆಲೆಗಳ ನಡುವಿನ ಅಂತರ ಎಷ್ಟೋ ಮನೆಗಳಲ್ಲಿ ಕೆಲವು ತಿಂಗಳ ಸಂಬಳಕ್ಕೆ ಸಮ. ಆದ್ದರಿಂದ ಅಂಗಡಿಯ ಮೆಟ್ಟಲು ಹತ್ತುವ ಮೊದಲು ವಿಷಯವನ್ನು ಸ್ವಲ್ಪ ವಿಚಾರ ಮಾಡಿ ನೋಡುವುದು ಒಳಿತು.

ಹಿಂದೆ ಕ್ಯಾಮರಾದೊಳಗೆ ಫಿಲಂ ಇದ್ದ ಜಾಗದಲ್ಲಿ ಈಗ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸಿಲಿಕಾನ್ ಫಲಕವಿದೆ. ಸೆನ್ಸರ್ ಎನ್ನುವುದು ಇದನ್ನೇ. ಅದು ೩೬ ಮಿಲಿಮೀಟರ್ ಉದ್ದ, ೨೪ ಮಿಲಿಮೀಟರ್ ಎತ್ತರ ಇದ್ದರೆ ಫುಲ್ ಫ್ರೇಮ್, ಅಂದರೆ ಪೂರ್ಣ ಚೌಕಟ್ಟು. ಸುಮಾರು ೨೩.೫ಕ್ಕೆ ೧೫.೬ ಮಿಲಿಮೀಟರ್ ಇದ್ದರೆ ಕ್ರಾಪ್ ಸೆನ್ಸರ್. ಕ್ಯಾನನ್ ಕಂಪೆನಿಯದು ಇನ್ನೂ ಒಂದಿಷ್ಟು ಚಿಕ್ಕದು. ಪೂರ್ಣ ಎಂಬ ಮಾತು ಕೇಳಿ ಉಳಿದದ್ದೆಲ್ಲ ಅಪೂರ್ಣವೆಂದು ತಿಳಿಯಬೇಡಿ. ಈ ೩೬ಕ್ಕೆ ೨೪ ಎಂಬ ಅಳತೆ ಪ್ರಕೃತಿ ಕೊಟ್ಟದ್ದಲ್ಲ. ಜರ್ಮನಿಯ ವೆಟ್ಸ್‌ಲಾರ್ ಊರಿನ ಲೈಟ್ಸ್ ಕಾರ್ಖಾನೆಯಲ್ಲಿದ್ದ ಆಸ್ಕರ್ ಬಾರ್ನಾಕ್ ಎಂಬಾತ ಸಿನಿಮಾದ ೩೫ ಮಿಲಿಮೀಟರ್ ಫಿಲಂ ಸುರುಳಿಯನ್ನು ಅಡ್ಡಲಾಗಿ ಓಡಿಸಿ, ಸಿನಿಮಾದ ಎರಡು ಚೌಕಗಳನ್ನು ಒಂದು ಮಾಡಿ, ಕೈಯಲ್ಲಿ ಹಿಡಿಯಬಹುದಾದ ಪುಟ್ಟ ಕ್ಯಾಮರಾ ರಚಿಸಿದ. ಅದು ಲೈಕಾ ಎಂಬ ಹೆಸರಿನಿಂದ ೧೯೨೫ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಜನರ ಮುಂದೆ ಬಂತು. ಆಗ ದೊಡ್ಡ ಕ್ಯಾಮರಾಗಳವರು ಈ ಅಂಗೈ ಕ್ಯಾಮರಾವನ್ನು ಆಟಿಕೆಯೆಂದು ಕಾಣುವಷ್ಟು ಅದರ ಚಿತ್ರ ಸಣ್ಣದಾಗಿತ್ತು. ಇಂದು ಅದೇ ಅಳತೆಗೆ ಪೂರ್ಣವೆಂಬ ಬಿರುದು. ಫಿಲಂ ಹೋಗಿ ಸಿಲಿಕಾನ್ ಬಂದಾಗ ಅಷ್ಟು ದೊಡ್ಡ ತುಂಡನ್ನು ದೋಷವಿಲ್ಲದೆ ತಯಾರಿಸುವುದು ಬಲು ದುಬಾರಿಯಾಗಿದ್ದರಿಂದ ೧೯೯೯ರ ನಿಕಾನ್ ಡಿ೧ ಮುಂತಾದ ಮೊದಮೊದಲ ಕ್ಯಾಮರಾಗಳು ಸಣ್ಣ ಫಲಕಕ್ಕೆ ತೃಪ್ತಿಪಟ್ಟವು. ಇತಿಹಾಸ ಇಷ್ಟು ಸಾಕು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಸಣ್ಣ ಫಲಕದ ಕ್ಯಾಮರಾ ಚಿತ್ರವನ್ನು ಒಂದೂವರೆಪಟ್ಟು ದೊಡ್ಡದು ಮಾಡುತ್ತದೆ, ಆದ್ದರಿಂದ ಕೀಟಗಳಿಗೆ ಅದೇ ಒಳ್ಳೆಯದು ಎಂದು ಹೇಳುವವರುಂಟು. ಇದರಲ್ಲಿ ನಿಜ ಅರ್ಧ. ಟೆಂಟ್ ಸಿನಿಮಾವನ್ನು ನೆನಪಿಗೆ ತಂದುಕೊಳ್ಳಿ. ಯಂತ್ರದಿಂದ ಬೆಳಕು ಹೊರಟು ಪರದೆಯ ಮೇಲೆ ಬಿದ್ದಿದೆ. ನಾಯಕನ ಮುಖ ಎರಡಡಿ ಅಗಲವಾಗಿದೆ. ಆ ದೊಡ್ಡ ಪರದೆಯನ್ನು ತೆಗೆದು ಅದೇ ಸ್ಥಳದಲ್ಲಿ ಒಂದು ಪಂಚೆ ಕಟ್ಟಿದರೆ ನಾಯಕನ ಮುಖ ದೊಡ್ಡದಾಯಿತೆ? ಇಲ್ಲ, ಎರಡಡಿಯೇ. ಅವನ ಅಕ್ಕಪಕ್ಕದ ಮರಗಿಡಗಳು ಪಂಚೆಯಾಚೆ ಚೆಲ್ಲಿ ಹೋದವು, ಅಷ್ಟೆ. ಕ್ಯಾಮರಾದಲ್ಲಿಯೂ ಹೀಗೆಯೇ. ಬಿಂಬವನ್ನು ರಚಿಸುವುದು ಮಸೂರ, ಅಂದರೆ ಲೆನ್ಸು. ಫಲಕ ಅದನ್ನು ಹಿಡಿದುಕೊಳ್ಳುವ ಬಟ್ಟೆ ಮಾತ್ರ.

ಮ್ಯಾಕ್ರೋ ಮಸೂರಗಳ ಮೇಲೆ ೧:೧ ಎಂದು ಬರೆದಿರುತ್ತದೆ. ಒಂದಕ್ಕೊಂದು ಎಂದು ಓದಿಕೊಳ್ಳಿ. ಮಸೂರವನ್ನು ಅತ್ಯಂತ ಹತ್ತಿರಕ್ಕೆ ಹೊಂದಿಸಿದಾಗ ವಸ್ತು ಎಷ್ಟು ದೊಡ್ಡದೋ ಫಲಕದ ಮೇಲಿನ ಬಿಂಬವೂ ಅಷ್ಟೇ ದೊಡ್ಡದಾಗಿರುತ್ತದೆ ಎಂದು ಅದರ ಅರ್ಥ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಮಕ್ಕಳ ಕಂಪಾಸು ಪೆಟ್ಟಿಗೆಯಿಂದ ಸ್ಕೇಲನ್ನು ತೆಗೆದು ಮೇಜಿನ ಮೇಲಿಟ್ಟು, ನೇರವಾಗಿ ಮೇಲಿನಿಂದ ೧:೧ರಲ್ಲಿ ಚಿತ್ರ ತೆಗೆಯಿರಿ. ದೊಡ್ಡ ಫಲಕದ ಚಿತ್ರದಲ್ಲಿ ೩೬ ಮಿಲಿಮೀಟರ್ ಗೆರೆಗಳು ಕಾಣುತ್ತವೆ. ಸಣ್ಣ ಫಲಕದಲ್ಲಿ ೨೩ ಗೆರೆಗಳ ಮೇಲೆ ಇನ್ನರ್ಧ. ನಮ್ಮ ಎಂಟು ಮಿಲಿಮೀಟರಿನ ಚಗಳಿಯ ಬಿಂಬ ಎರಡು ಫಲಕಗಳ ಮೇಲೂ ಎಂಟೇ ಮಿಲಿಮೀಟರ್. ಆದರೆ ಎರಡು ಚಿತ್ರಗಳನ್ನೂ ೩೦ ಸೆಂಟಿಮೀಟರ್ ಅಗಲಕ್ಕೆ ಮುದ್ರಿಸಿ ಗೋಡೆಗೆ ಹಾಕಿದಿರೆನ್ನಿ. ಮೊದಲನೆಯದರಲ್ಲಿ ಇರುವೆ ಆರೂಮುಕ್ಕಾಲು ಸೆಂಟಿಮೀಟರಿಗೆ ಹತ್ತಿರ, ಎರಡನೆಯದರಲ್ಲಿ ಹತ್ತು ಸೆಂಟಿಮೀಟರಿಗೆ ತುಸು ಹೆಚ್ಚು. ಒಂದೂವರೆಪಟ್ಟು ಎಂದು ಹೇಳುವವರು ಹೇಳುತ್ತಿರುವುದು ಇದನ್ನೇ.

ಹಾಗಾದರೆ ಮೊದಲನೆಯ ಚಿತ್ರದ ಅಂಚುಗಳನ್ನು ಕತ್ತರಿಸಿ ನಡುವಿನ ಭಾಗವನ್ನು ಹಿಗ್ಗಿಸಿದರೆ ಎರಡನೆಯದೇ ಆಗಲಿಲ್ಲವೆ ಎಂದು ನೀವು ಕೇಳಬಹುದು. ಆಗುತ್ತದೆ, ಒಂದು ಷರತ್ತಿನ ಮೇಲೆ. ಆ ಷರತ್ತನ್ನು ತಿಳಿಯಲು ಅಂಗಳದ ರಂಗೋಲಿಯನ್ನು ನೋಡಿ. ದೊಡ್ಡ ಅಂಗಳಕ್ಕೂ ಸಣ್ಣ ಅಂಗಳಕ್ಕೂ ಅಷ್ಟಷ್ಟೇ ಚುಕ್ಕಿಗಳನ್ನಿಟ್ಟರೆ ಸಣ್ಣ ಅಂಗಳದಲ್ಲಿ ಚುಕ್ಕಿಗಳು ಒತ್ತಾಗಿ ಬೀಳುತ್ತವೆ. ಫಲಕದ ಮೇಲಿನ ಪಿಕ್ಸೆಲ್ ಎಂಬ ಚುಕ್ಕಿಗಳೂ ಹಾಗೆಯೇ. ಎರಡರಲ್ಲೂ ೨.೪ ಕೋಟಿ ಚುಕ್ಕಿಗಳು, ಅಂದರೆ ಉದ್ದಕ್ಕೆ ೬,೦೦೦ ಇವೆ ಎನ್ನೋಣ. ದೊಡ್ಡ ಫಲಕದಲ್ಲಿ ಇರುವೆಯ ಮೈಯುದ್ದಕ್ಕೆ ಸುಮಾರು ೧,೩೩೦ ಚುಕ್ಕಿಗಳು ಬೀಳುತ್ತವೆ, ಸಣ್ಣದರಲ್ಲಿ ೨,೦೪೦. ಕಾಲಿನ ಮೇಲಿನ ಕೂದಲು, ಕಣ್ಣಿನ ಹೊಳಪು ಇವುಗಳನ್ನು ಹಿಡಿಯುವುದರಲ್ಲಿ ಇಲ್ಲಿ ಸಣ್ಣದೇ ಗೆದ್ದಿತು. ಆದರೆ ದೊಡ್ಡ ಫಲಕದಲ್ಲಿ ಚುಕ್ಕಿಗಳನ್ನು ಅಷ್ಟೇ ಒತ್ತಾಗಿ ಹಾಕಿದರೆ ಈ ಗೆಲವು ಮಾಯವಾಗುತ್ತದೆ. ಸೋನಿ ಕಂಪೆನಿ ೨೦೧೯ರಲ್ಲಿ ಹೊರತಂದ ೬.೧ ಕೋಟಿ ಚುಕ್ಕಿಗಳ ಕ್ಯಾಮರಾದ ಉದ್ದಕ್ಕೆ ೯,೫೦೦ಕ್ಕೂ ಮಿಕ್ಕಿ ಚುಕ್ಕಿಗಳಿವೆ. ಅದರಲ್ಲಿ ನಮ್ಮ ಇರುವೆಗೆ ೨,೧೦೦ ಸಿಕ್ಕುತ್ತವೆ. ಅಂಚು ಕತ್ತರಿಸಿದ ಮೇಲೂ ೨.೬ ಕೋಟಿ ಉಳಿಯುತ್ತವೆ. ಅಂದರೆ ಅಷ್ಟು ಹಣ ತೆತ್ತವನು ದೊಡ್ಡ ಕ್ಯಾಮರಾದೊಳಗೆ ಒಂದು ಸಣ್ಣ ಕ್ಯಾಮರಾವನ್ನೂ ಕೊಂಡಂತಾಯಿತು. ಆ ಸಣ್ಣದನ್ನೇ ದಿನವೂ ಬಳಸುವುದಾದರೆ ದೊಡ್ಡದೇಕೆ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಇಲ್ಲಿಯವರೆಗೆ ಹೇಳಿದ್ದು ಸುಲಭವಾದ ಭಾಗ. ಮ್ಯಾಕ್ರೋ ಚಿತ್ರಕಾರನ ನಿಜವಾದ ಕಷ್ಟ ಗಾತ್ರದ್ದಲ್ಲ, ಆಳದ್ದು. ರೇಡಿಯೋದ ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸಿದರೂ ನಿಲಯ ತಪ್ಪಿ ಗೊರಗೊರ ಶಬ್ದ ಬರುತ್ತದಲ್ಲವೆ? ಹತ್ತಿರದ ಚಿತ್ರದಲ್ಲಿಯೂ ಹಾಗೆ. ಮಸೂರ ಒಂದು ನಿರ್ದಿಷ್ಟ ದೂರದಲ್ಲಿರುವುದನ್ನು ಮಾತ್ರ ಸ್ಫುಟವಾಗಿ ಕಾಣುತ್ತದೆ, ಅದರ ಮುಂದೆಯೂ ಹಿಂದೆಯೂ ಎಲ್ಲ ಮಸುಕು. ಹತ್ತಾರು ಅಡಿ ದೂರದ ಮನುಷ್ಯನ ಚಿತ್ರದಲ್ಲಿ ಈ ಸ್ಫುಟವಾದ ಪದರ ಅಡಿಗಟ್ಟಲೆ ದಪ್ಪವಿರುತ್ತದೆ. ೧:೧ರಲ್ಲಿ ಅದು ಎಷ್ಟೆನ್ನುತ್ತೀರಿ? ಮಸೂರದ ಬೆಳಕಿಂಡಿಯನ್ನು ಎಫ್ ೧೧ಕ್ಕೆ ಕಿರಿದು ಮಾಡಿದ ಮೇಲೂ ಒಂದೂಕಾಲು ಮಿಲಿಮೀಟರನ್ನು ದಾಟಿದರೆ ಹೆಚ್ಚು. ಜೇಡನ ಕಣ್ಣು ಸ್ಫುಟವಾದರೆ ಸೊಂಟ ಮಸುಕು. ಸೊಂಟ ಸಿಕ್ಕಿತೆಂದರೆ ಕಣ್ಣು ಹೋಯಿತು. ಉಸಿರಾಡಿದರೆ ಕ್ಯಾಮರಾ ಅಷ್ಟು ದೂರ ಹಿಂದುಮುಂದಾಗುತ್ತದೆ.

ಈ ಆಳದ ವಿಷಯದಲ್ಲಿ ಎರಡು ಪಂಗಡಗಳ ಜಗಳ ಬಹಳ ಹಳೆಯದು. ಸಣ್ಣ ಫಲಕದಲ್ಲಿ ಆಳ ಹೆಚ್ಚು ಎಂದು ಒಬ್ಬರು, ಕಡಿಮೆ ಎಂದು ಇನ್ನೊಬ್ಬರು. ಇಬ್ಬರೂ ಲೆಕ್ಕ ಬಲ್ಲವರೇ, ಇಬ್ಬರ ಲೆಕ್ಕವೂ ಸರಿಯೇ. ಉತ್ತರ ಕೊಡುತ್ತಿರುವುದು ಬೇರೆ ಬೇರೆ ಪ್ರಶ್ನೆಗಳಿಗೆ. ಎರಡು ಕ್ಯಾಮರಾಗಳನ್ನೂ ೧:೧ಕ್ಕೆ, ಎಫ್ ೧೧ಕ್ಕೆ ಹೊಂದಿಸಿ, ಎರಡು ಚಿತ್ರಗಳನ್ನೂ ಒಂದೇ ಅಗಲಕ್ಕೆ ಮುದ್ರಿಸಿದರೆ ದೊಡ್ಡ ಫಲಕಕ್ಕೆ ೧.೩ ಮಿಲಿಮೀಟರ್ ಆಳ, ಸಣ್ಣದಕ್ಕೆ ೦.೯ರಷ್ಟು. ಸಣ್ಣ ಚಿತ್ರವನ್ನು ಮುದ್ರಣಕ್ಕಾಗಿ ಹೆಚ್ಚು ಹಿಗ್ಗಿಸಬೇಕಾದ್ದರಿಂದ ಅದರೊಳಗಿನ ಮಸುಕೂ ಹೆಚ್ಚು ಹಿಗ್ಗುತ್ತದೆ. ಆದರೆ ಚಿತ್ರದಲ್ಲಿ ಒಂದೇ ದೃಶ್ಯ, ೩೬ ಮಿಲಿಮೀಟರ್ ಅಗಲದ ಎಲೆ, ಕಾಣಬೇಕು ಎಂದುಕೊಂಡರೆ ಲೆಕ್ಕ ಬದಲಾಗುತ್ತದೆ. ಸಣ್ಣ ಫಲಕದವನು ಸ್ವಲ್ಪ ಹಿಂದೆ ಸರಿದು ಬಿಂಬವನ್ನು ನಿಜಗಾತ್ರದ ಮೂರರಲ್ಲಿ ಎರಡು ಪಾಲಿಗೆ ಇಳಿಸಬೇಕು. ಆಗ ಅವನಿಗೆ ಅದೇ ಎಫ್ ೧೧ರಲ್ಲಿ ಸುಮಾರು ೧.೬ ಮಿಲಿಮೀಟರ್ ಆಳ ದೊರೆಯುತ್ತದೆ. ದೊಡ್ಡದಕ್ಕಿಂತ ಮಿಲಿಮೀಟರಿನ ಮೂರನೆಯ ಒಂದು ಭಾಗ ಹೆಚ್ಚು. ಇರುವೆಯ ಲೋಕದಲ್ಲಿ ಇದು ಅಲ್ಪವಲ್ಲ. ಕಾಲಿನ ದಪ್ಪಕ್ಕೆ ಸಾಕು.

ಎರಡನೆಯ ಪ್ರಶ್ನೆಯೇ ಉಪಯೋಗಕ್ಕೆ ಬರುವ ಪ್ರಶ್ನೆ ಎಂದು ನನ್ನ ಎಣಿಕೆ. ನಾವು ಕ್ಯಾಮರಾ ಎತ್ತಿಕೊಳ್ಳುವುದು ಯಾವುದೋ ಒಂದು ಚಿತ್ರಕ್ಕಾಗಿ, ಮಸೂರದ ಮೇಲಿನ ಅಂಕಿಗಾಗಿ ಅಲ್ಲ.

ದೊಡ್ಡ ಫಲಕದವರು ಇಷ್ಟಕ್ಕೆ ಸುಮ್ಮನಿರುವವರಲ್ಲ. ನಾವು ಬೆಳಕಿಂಡಿಯನ್ನು ಇನ್ನಷ್ಟು ಕಿರಿದು ಮಾಡುತ್ತೇವೆ, ಎಫ್ ೧೪ಕ್ಕೆ ತಂದರೆ ಆಳ ಸರಿಸಮವಾಗುತ್ತದೆ ಎನ್ನುತ್ತಾರೆ. ಸರಿ. ಆದರೆ ಕಿಂಡಿಯನ್ನು ಕಿರಿದು ಮಾಡುತ್ತ ಹೋದರೆ ಆಳ ಬೆಳೆಯುತ್ತಲೇ ಹೋಗಲಿ ಎಂದು ಪ್ರಕೃತಿ ಬಿಡುವುದಿಲ್ಲ. ಬೆಳಕು ಅಲೆ. ಕಿರಿದಾದ ಕಿಂಡಿಯಿಂದ ಹೊರಬಿದ್ದ ಅಲೆ, ಬಂದರಿನ ಬಾಯಿಯಿಂದ ಒಳನುಗ್ಗಿದ ಕಡಲಿನ ಅಲೆಯಂತೆ, ಎರಡೂ ಕಡೆಗೆ ಹರಡುತ್ತದೆ. ಇದಕ್ಕೆ ವಿವರ್ತನೆ ಎಂದು ಹೆಸರು. ಅದರಿಂದಾಗಿ ಸೂಜಿಯ ಮೊನೆಯಷ್ಟು ಸಣ್ಣ ಹೊಳಪೂ ಫಲಕದ ಮೇಲೆ ಒಂದು ಪುಟ್ಟ ಬಿಲ್ಲೆಯಾಗಿ ಬೀಳುತ್ತದೆ. ಕಿಂಡಿ ಕಿರಿದಾದಷ್ಟೂ ಬಿಲ್ಲೆ ದೊಡ್ಡದು.

ಮ್ಯಾಕ್ರೋ ಚಿತ್ರದಲ್ಲಿ ಇದರ ಮೇಲೆ ಇನ್ನೊಂದು ತೊಡಕು ಇದೆ. ಮಸೂರವನ್ನು ೧:೧ಕ್ಕೆ ಹೊಂದಿಸಿದಾಗ ಅದರ ಮೇಲೆ ಬರೆದ ಎಫ್ ೧೧ ನಿಜವಾಗಿ ಎಫ್ ೨೨ರಂತೆ ನಡೆದುಕೊಳ್ಳುತ್ತದೆ. ಬಿಂಬವನ್ನು ಅಷ್ಟು ಹಿಗ್ಗಿಸಲು ಮಸೂರ ಫಲಕದಿಂದ ದೂರ ಸರಿದು ನಿಂತಿರುವುದೇ ಕಾರಣ. ಬರುವ ಬೆಳಕು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಿಕಾನ್ ಕ್ಯಾಮರಾಗಳು ತಮ್ಮ ಮ್ಯಾಕ್ರೋ ಮಸೂರ ಹಾಕಿದಾಗ ಈ ನಿಜವಾದ ಅಂಕಿಯನ್ನೇ ತೋರಿಸುತ್ತವೆ, ಕ್ಯಾನನ್ ಕ್ಯಾಮರಾಗಳು ಬರೆದ ಅಂಕಿಯನ್ನು. ಇಬ್ಬರು ಗೆಳೆಯರು ತಮ್ಮ ತಮ್ಮ ಅಂಕಿಗಳನ್ನು ಹೋಲಿಸಿ ವಾದ ಮಾಡುವ ಮೊದಲು ಇದನ್ನು ನೆನಪಿಡಬೇಕು. ಈ ಲೆಕ್ಕದಂತೆ ದೊಡ್ಡ ಫಲಕದ ಮೇಲೆ ೧:೧ರಲ್ಲಿ, ಎಫ್ ೧೧ರಲ್ಲಿ, ವಿವರ್ತನೆಯ ಬಿಲ್ಲೆ ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು ಅಗಲ. ೩೦ ಸೆಂಟಿಮೀಟರ್ ಚಿತ್ರಕ್ಕೆ ಹಿಗ್ಗಿಸಿದಾಗ ಕಾಲು ಮಿಲಿಮೀಟರ್. ಅದೇ ದೃಶ್ಯವನ್ನು ಎಫ್ ೧೧ರಲ್ಲಿಯೇ ಹಿಡಿದ ಸಣ್ಣ ಫಲಕದ ಚಿತ್ರದಲ್ಲಿ ಅದು ೦.೩ ಮಿಲಿಮೀಟರ್, ಅಂದರೆ ತುಸು ಹೆಚ್ಚು ಮಸುಕು. ದೊಡ್ಡದನ್ನು ಎಫ್ ೧೪ಕ್ಕೆ ಇಳಿಸಿದೊಡನೆ ಅಲ್ಲಿಯೂ ೦.೩ ಆಗುತ್ತದೆ!

ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿರಿ. ಆಳವನ್ನು ಸರಿಸಮ ಮಾಡಿದ ಕ್ಷಣದಲ್ಲಿಯೇ ಮಸುಕೂ ಸರಿಸಮವಾಯಿತು. ಇದು ಆಕಸ್ಮಿಕವಲ್ಲ. ಆಳವನ್ನೂ ವಿವರ್ತನೆಯನ್ನೂ ನಿರ್ಧರಿಸುವುದು ವಸ್ತುವಿನಿಂದ ಹೊರಟ ಬೆಳಕಿನ ಶಂಕು ಎಷ್ಟು ಅಗಲವಾಗಿ ಮಸೂರದ ಕಿಂಡಿಯನ್ನು ಹೊಕ್ಕಿತು ಎಂಬುದು. ಆ ಶಂಕು ಒಂದೇ ಆದರೆ, ಅದರಾಚೆ ಫಲಕ ದೊಡ್ಡದಿರಲಿ ಸಣ್ಣದಿರಲಿ, ಚಿತ್ರ ಒಂದೇ. ಅಂಗೈಯಗಲದ ಫೋನಿನ ಫಲಕವೂ ಇದೇ ನಿಯಮಕ್ಕೆ ಒಳಪಟ್ಟದ್ದು. ಅದರ ಚಿತ್ರಗಳಲ್ಲಿ ಎಲ್ಲವೂ ಸ್ಫುಟವಾಗಿ ಕಾಣುವುದು ಅದರ ಕಿಂಡಿ ಅಷ್ಟು ಪುಟ್ಟದಾಗಿರುವುದರಿಂದ, ಯಾವ ಮಾಯೆಯಿಂದಲೂ ಅಲ್ಲ.

ಇನ್ನು ಬೆಳಕು. ದೊಡ್ಡ ಫಲಕದ ಕ್ಷೇತ್ರಫಲ ೮೬೪ ಚದರ ಮಿಲಿಮೀಟರ್, ಸಣ್ಣದರದು ೩೬೭. ಮಳೆ ಒಂದೇ ಸಮನೆ ಸುರಿಯುವಾಗ ಅಗಲ ಬಾಯಿಯ ಪಾತ್ರೆಗೆ ಹೆಚ್ಚು ನೀರು ಬೀಳುವಂತೆ ದೊಡ್ಡ ಫಲಕಕ್ಕೆ ಎರಡೂಕಾಲು ಪಟ್ಟಿಗಿಂತ ಹೆಚ್ಚು ಬೆಳಕು ಬೀಳುತ್ತದೆ. ಹೆಚ್ಚು ಬೆಳಕು ಎಂದರೆ ನೆರಳಿನ ಭಾಗಗಳಲ್ಲಿ ಮರಳು ಎರಚಿದಂತಹ ಕಲೆಗಳು ಕಡಿಮೆ. ಪೂರ್ಣ ಚೌಕಟ್ಟಿನ ಕೀರ್ತಿಗೆ ಮುಖ್ಯ ಕಾರಣ ಇದೇ. ಆದರೆ ಮರದ ಕೊಂಬೆಯ ಮೇಲಿನ ಇರುವೆಗೆ ಬಂದಾಗ ಈ ಕೀರ್ತಿ ಬಹುಮಟ್ಟಿಗೆ ಕರಗುತ್ತದೆ. ಆಳಕ್ಕಾಗಿ ಕಿಂಡಿಯನ್ನು ಕಿರಿದು ಮಾಡಿದೆವಲ್ಲ, ಅಲ್ಲಿ ಹೆಚ್ಚಿನ ಬೆಳಕು ಹೊರಗೇ ಉಳಿಯಿತು. ಎಲೆ ಗಾಳಿಗೆ ಆಡುತ್ತಿರುತ್ತದೆ, ಇರುವೆ ಓಡುತ್ತಿರುತ್ತದೆ. ಆದ್ದರಿಂದ ಹೆಚ್ಚು ಹೊತ್ತು ತೆರೆದಿಟ್ಟು ಸರಿದೂಗಿಸುವಂತೆಯೂ ಇಲ್ಲ. ಫ್ಲ್ಯಾಷ್ ದೀಪದ ಶಕ್ತಿಯನ್ನು ಹೆಚ್ಚಿಸಿ ಆ ನಷ್ಟವನ್ನು ತುಂಬಿಕೊಳ್ಳಬಲ್ಲವನಿಗೆ ಮಾತ್ರ ದೊಡ್ಡ ಪಾತ್ರೆ ತುಂಬುತ್ತದೆ.

ದೊಡ್ಡ ಫಲಕ ತನ್ನ ಪೂರ್ಣ ಬೆಲೆಯನ್ನು ಹಿಂದಿರುಗಿಸುವ ಕೆಲಸಗಳೂ ಇವೆ. ಅವನ್ನು ಮರೆಮಾಚುವುದು ನ್ಯಾಯವಲ್ಲ. ಹಳೆಯ ನಾಣ್ಯ, ಅಂಚೆಚೀಟಿ, ತಾಳೆಗರಿ, ಒಣಗಿಸಿಟ್ಟ ಎಲೆ ಇವು ಓಡುವುದಿಲ್ಲ, ಗಾಳಿಗೆ ಆಡುವುದೂ ಇಲ್ಲ. ಬಹುಮಟ್ಟಿಗೆ ಚಪ್ಪಟೆಯಾಗಿರುವುದರಿಂದ ಆಳದ ಚಿಂತೆಯೂ ಕಡಿಮೆ. ಕ್ಯಾಮರಾವನ್ನು ಕಾಲುಮಣೆಗೆ ಬಿಗಿದು, ಕಿಂಡಿಯನ್ನು ಎಫ್ ೫.೬ರ ಸುಮಾರಿಗೆ ಬಿಟ್ಟು, ಬೇಕಾದಷ್ಟು ಹೊತ್ತು ತೆರೆದಿಟ್ಟರೆ ದೊಡ್ಡ ಫಲಕ ನೀಡುವ ಸೂಕ್ಷ್ಮತೆಯನ್ನೂ ಛಾಯೆಯ ಮಾರ್ದವತೆಯನ್ನೂ ಸಣ್ಣದು ಕೊಡಲಾರದು. ಮ್ಯಾಕ್ರೋ ಮಸೂರಗಳ ಇತಿಹಾಸದಲ್ಲಿಯೂ ಇಂತಹ ಕೆಲಸಕ್ಕೆ ಗೌರವದ ಸ್ಥಾನವಿದೆ. ನಿಕಾನ್ ಕಂಪೆನಿ ತನ್ನ ಮೊದಲ ಮೈಕ್ರೋ ನಿಕ್ಕರ್ ಮಸೂರವನ್ನು ೧೯೫೬ರಲ್ಲಿ ಹೊರತಂದದ್ದು ಕೀಟಗಳಿಗಾಗಿ ಅಲ್ಲ, ಪುಸ್ತಕಗಳಿಗಾಗಿ. ಗ್ರಂಥಗಳನ್ನು ಸಣ್ಣ ಫಿಲಮ್ಮಿಗೆ ಇಳಿಸಿ ಕಾಪಾಡುವ ಕ್ರಮ ಆಗ ಬಳಕೆಗೆ ಬರುತ್ತಿತ್ತು. ಇಪ್ಪತ್ತಾರು ಸರಳ ಅಕ್ಷರಗಳ ಇಂಗ್ಲಿಷಿಗೆ ಸಾಕಾದ ಮಸೂರಗಳು, ಒಂದೇ ಅಕ್ಷರದಲ್ಲಿ ಹತ್ತಿಪ್ಪತ್ತು ಗೆರೆಗಳನ್ನು ತುಂಬುವ ಜಪಾನೀ ಕಾಂಜಿ ಲಿಪಿಯ ಮುಂದೆ ಸೋತವು. ನಮ್ಮ ಒತ್ತಕ್ಷರಗಳನ್ನೂ ಕೊಂಬುಗಳನ್ನೂ ತಾಳೆಗರಿಯ ಮೇಲೆ ಕಂಟದಿಂದ ಕೊರೆದಿರುವುದನ್ನು ಓದಲು ಹೆಣಗಿದವರಿಗೆ ಅವರ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ. ನಿಮ್ಮ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಗರಿಯ ಕಟ್ಟು ಇದ್ದು, ಅದನ್ನು ಚಿತ್ರಿಸಿ ಉಳಿಸುವುದೇ ಉದ್ದೇಶವಾದರೆ ದೊಡ್ಡ ಫಲಕವನ್ನೇ ಹುಡುಕಿ. ಕೊಳ್ಳಲಾಗದಿದ್ದರೆ ನಾಲ್ಕು ದಿನಕ್ಕೆ ಬಾಡಿಗೆಗಾದರೂ ತನ್ನಿ.

ಕೀಟಗಳ ಬಳಿಗೆ ಮತ್ತೆ ಹೋಗುವ ಮುನ್ನ ದೂರದ ವಿಷಯ ಒಂದಿಷ್ಟು ಹೇಳಬೇಕು. ಮಸೂರದ ತುದಿಯಿಂದ ವಸ್ತುವಿಗೆ ಉಳಿಯುವ ಅಂತರ ೧:೧ರಲ್ಲಿ ಬಹಳ ಕಡಿಮೆ. ೬೦ ಮಿಲಿಮೀಟರ್ ನಾಭಿದೂರದ ಮಸೂರಗಳಲ್ಲಿ ಕೆಲವಕ್ಕೆ ಐದೇ ಸೆಂಟಿಮೀಟರ್. ೧೦೦ರದಕ್ಕೆ ಹದಿಮೂರು ಹದಿನಾಲ್ಕು. ೧೮೦ರದಕ್ಕೆ ಸುಮಾರು ಇಪ್ಪತ್ತನಾಲ್ಕು. ಐದು ಸೆಂಟಿಮೀಟರ್ ಎಂದರೆ ಮಸೂರದ ನೆರಳು ಇರುವೆಯ ಮೇಲೆ, ಇರುವೆ ನಿಮ್ಮ ಕೈಯ ಮೇಲೆ. ಒಂದೇ ದೃಶ್ಯಕ್ಕೆ ಸಣ್ಣ ಫಲಕದವನು ಹಿಂದೆ ಸರಿಯಬೇಕೆಂದೆವಲ್ಲ, ಅದು ಇಲ್ಲಿ ವರವಾಗುತ್ತದೆ. ೧೦೦ ಮಿಲಿಮೀಟರಿನ ಸರಳ ಮಸೂರವೊಂದನ್ನು ಊಹಿಸಿಕೊಂಡರೆ ದೊಡ್ಡ ಫಲಕಕ್ಕೆ ಅದು ವಸ್ತುವಿನಿಂದ ೨೦ ಸೆಂಟಿಮೀಟರ್ ದೂರದಲ್ಲಿ, ಸಣ್ಣ ಫಲಕಕ್ಕೆ ೨೫ ಸೆಂಟಿಮೀಟರ್ ದೂರದಲ್ಲಿ ನಿಲ್ಲುತ್ತದೆ. ಚಿಟ್ಟೆ, ಕೊಡತಿಹುಳು ಇಂತಹ ಅಂಜುಬುರುಕ ಜೀವಿಗಳ ಮುಂದೆ ಈ ಐದು ಸೆಂಟಿಮೀಟರ್ ಎಷ್ಟು ಬೆಲೆಯುಳ್ಳದ್ದೆಂಬುದು ಒಂದು ಬೆಳಗಿನ ಅನುಭವದಿಂದ ತಿಳಿಯುತ್ತದೆ. ಕ್ಯಾಮರಾ ಹಗುರ, ಕತ್ತಿಗೆ ನೋವಿಲ್ಲ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಆದ್ದರಿಂದ ಹಣದ ಮಾತು. ಮನೆಯಲ್ಲಿ ಸಣ್ಣ ಫಲಕದ ಕ್ಯಾಮರಾ ಈಗಾಗಲೇ ಇದ್ದು ಹಿತ್ತಲಿನ ಹುಳುಹುಪ್ಪಟೆಗಳ ಚಿತ್ರ ತೆಗೆಯುವ ಆಸೆಯಿದ್ದರೆ ಅದನ್ನು ಮಾರಬೇಡಿ. ಮೊದಲ ಹಣ ಮಸೂರಕ್ಕೆ, ಎರಡನೆಯದು ಬೆಳಕಿಗೆ. ಹೊಸ ಮ್ಯಾಕ್ರೋ ಮಸೂರ ಕೊಳ್ಳುವುದಾದರೆ ದೊಡ್ಡ ಫಲಕಕ್ಕೂ ಹೊಂದುವ ೯೦ ಅಥವಾ ೧೦೦ ಮಿಲಿಮೀಟರಿನದನ್ನೇ ನೋಡಿ. ಮುಂದೆ ಕ್ಯಾಮರಾ ಬದಲಾದರೂ ಅದು ಉಳಿಯುತ್ತದೆ. ಅಷ್ಟೂ ಬೇಡವೆನ್ನುವವರಿಗೆ ಎಕ್ಸ್‌ಟೆನ್ಶನ್ ಟ್ಯೂಬು ಎಂಬ ಬರಿಯ ಕೊಳವೆಯಿದೆ. ಅದರಲ್ಲಿ ಗಾಜಿಲ್ಲ, ಆದ್ದರಿಂದ ಬೆಲೆಯೂ ಅಲ್ಪ. ೫೦ ಮಿಲಿಮೀಟರಿನ ಸಾಮಾನ್ಯ ಮಸೂರದ ಹಿಂದೆ ೨೫ ಮಿಲಿಮೀಟರ್ ಕೊಳವೆ ಸೇರಿಸಿದರೆ ಬಿಂಬ ನಿಜಗಾತ್ರದ ಅರ್ಧಕ್ಕೆ ಬರುತ್ತದೆ, ೫೦ ಸೇರಿಸಿದರೆ ಪೂರ್ಣಕ್ಕೆ. ಹಳೆಯ ೫೦ ಮಿಲಿಮೀಟರ್ ಮಸೂರವನ್ನು ಒಂದು ಬಳೆಯ ಸಹಾಯದಿಂದ ತಿರುಗುಮುರುಗಾಗಿ ಜೋಡಿಸುವವರೂ ಇದ್ದಾರೆ. ಅದೂ ಕೆಲಸ ಮಾಡುತ್ತದೆ, ಸೊಗಸಾಗಿಯೇ ಮಾಡುತ್ತದೆ. ಇನ್ನು ಬೆಳಕು: ಒಂದು ಸಾಮಾನ್ಯ ಫ್ಲ್ಯಾಷ್ ದೀಪ, ಅದರ ಮುಂದೆ ಬೆಳಕನ್ನು ಮೃದುಗೊಳಿಸಲು ಬೆಣ್ಣೆ ಕಾಗದದ ಪರದೆ. ಜೇಡ ಮತ್ತು ಇರುವೆಗಳ ಮೈ ಎಣ್ಣೆ ಸವರಿದಂತೆ ಹೊಳೆಯುವುದರಿಂದ ಬರಿಯ ದೀಪ ಹಾಕಿದರೆ ಬಿಳಿಯ ಕಲೆಗಳ ಹೊರತು ಬೇರೇನೂ ಕಾಣದು. ಕಾಗದವನ್ನು ಇರುವೆಗೆ ಎಷ್ಟು ಹತ್ತಿರ, ಎಷ್ಟು ಅಗಲ ಹಿಡಿದರೆ ಅಷ್ಟು ಒಳ್ಳೆಯದು. ನಾಲ್ಕು ರೂಪಾಯಿಯ ಈ ಕಾಗದ ಚಿತ್ರಕ್ಕೆ ಮಾಡುವ ಉಪಕಾರವನ್ನು ಫಲಕದ ಗಾತ್ರ ಮಾಡಲಾರದು.

ಸ್ಫುಟತೆಯ ಪದರವನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಹತ್ತಾರು ಚಿತ್ರಗಳನ್ನು ತೆಗೆದು, ಗಣಕಯಂತ್ರದಲ್ಲಿ ಅವನ್ನು ಒಂದರ ಮೇಲೊಂದು ಪೇರಿಸಿ, ಆಳದ ಬಡತನವನ್ನೇ ನೀಗಿಸುವ ಉಪಾಯವೊಂದು ಈಗ ಬಳಕೆಯಲ್ಲಿದೆ. ಆದರೆ ಅದಕ್ಕೆ ವಸ್ತು ಅಲುಗದೆ ಇರಬೇಕು. ಇದಕ್ಕಾಗಿ ಹುಳುವನ್ನು ಶೀತಕ ಪೆಟ್ಟಿಗೆಯಲ್ಲಿಟ್ಟು ಮರಗಟ್ಟಿಸುವವರು, ಕಾಲಿಗೆ ಅಂಟು ಹಚ್ಚುವವರು ಇದ್ದಾರೆ. ಹಾಗೆ ತೆಗೆದ ಚಿತ್ರವನ್ನು ಕಂಡರೆ ಬಲ್ಲವರಿಗೆ ತಿಳಿಯುತ್ತದೆ. ಕಾಲುಗಳು ನಿಂತಿರುವ ರೀತಿಯಲ್ಲಿ ಜೀವವಿರುವುದಿಲ್ಲ. ಸಾಕ್ಷಿಗಾಗಿ ತೆಗೆದ ಚಿತ್ರ ಸುಳ್ಳು ಸಾಕ್ಷಿಯಾದಂತೆ. ಬೆಳಗಿನ ಜಾವ, ಇಬ್ಬನಿ ಆರುವ ಮುನ್ನ, ಅನೇಕ ಹುಳುಗಳು ತಾವಾಗಿಯೇ ಮಂಕಾಗಿ ಕುಳಿತಿರುತ್ತವೆ. ಆ ಹೊತ್ತಿಗೆ ಎದ್ದು ಹೋಗುವುದು ಲೇಸು.

ಚಗಳಿಯ ಮರದ ಬಳಿಗೆ ಹೋದಾಗ ಗೂಡನ್ನು ಮುಟ್ಟದೆ, ಸಾಲಿನಿಂದ ಒಂದು ಗೇಣು ಈಚೆ, ಒಂಟಿಯಾಗಿ ಅಲೆಯುವ ಇರುವೆಗಾಗಿ ನೋಡಿ. ಬೆರಳನ್ನು ಹತ್ತಿರ ತಂದಾಗ ಅದು ಮೇಲೆ ಬೀಳದೆ ಎಲೆಯ ಹಿಂಬದಿಗೆ ಸರಿದರೆ, ಅಥವಾ ಒಂದು ನೂಲನ್ನು ಬಿಟ್ಟುಕೊಂಡು ಕೆಳಗೆ ಜೋತುಬಿದ್ದರೆ, ಅದು ಇರುವೆಯಲ್ಲ. ಬಾಯ ಮುಂದೆ ಇನ್ನೊಂದು ಇರುವೆಯನ್ನು ಕಚ್ಚಿಕೊಂಡಿರುವಂತೆ ಕಂಡರೆ ಅದು ಗಂಡು ಜೇಡ. ಕಚ್ಚಿಕೊಂಡದ್ದು ಏನೂ ಇಲ್ಲ, ಮುಂದಕ್ಕೆ ಚಾಚಿದ ಅದರ ದವಡೆಗಳೇ ಹಾಗಿವೆ. ಒಂದೂವರೆ ಮಿಲಿಮೀಟರಿನ ಪದರದಲ್ಲಿ ಎಂಟು ಕಾಲುಗಳನ್ನೂ ಹಿಡಿಯಬೇಕಾದರೆ ನೇರವಾಗಿ ಮೇಲಿನಿಂದ, ಫಲಕ ಎಲೆಗೆ ಸಮಾನಾಂತರವಾಗಿರುವಂತೆ ಚಿತ್ರ ತೆಗೆಯಬೇಕು. ಅಗಲಿಸಿದ ಕಾಲುಗಳೆಲ್ಲ ಆಗ ಹೆಚ್ಚುಕಡಿಮೆ ಒಂದೇ ದೂರದಲ್ಲಿರುತ್ತವೆ. ಕಣ್ಣುಗಳಿಗೆ ಬೇರೆಯೇ ಚಿತ್ರ ಬೇಕು, ಎದುರಿನಿಂದ. ಅದರಲ್ಲಿ ಉಳಿದ ಮೈಯೆಲ್ಲ ಮಸುಕಾದರೂ ಚಿಂತೆಯಿಲ್ಲ. ಕ್ಯಾಮರಾವನ್ನು ಕಣ್ಣಿಗೆ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಬೇಕಾದುದಕ್ಕಿಂತ ತುಸು ಹಿಂದಿನಿಂದ ಮುಂದಕ್ಕೆ ಮೆಲ್ಲನೆ ವಾಲುತ್ತ, ನಡುವಿನ ಎರಡು ದೊಡ್ಡ ಕಣ್ಣುಗಳು ಕಿಂಡಿಯಲ್ಲಿ ಮಿಂಚಿದ ಕ್ಷಣದಲ್ಲಿ ಗುಂಡಿಯನ್ನು ಒತ್ತಿ. ಹತ್ತರಲ್ಲಿ ಒಂದು ಸಿಕ್ಕುತ್ತದೆ.